ದಿನದ 30 ಕಿಲೋಮೀಟರಿಗೆ ಪೆಟ್ರೋಲ್ ಎಂಜಿನ್ ಯಾಕೆ ಒಗ್ಗುವುದಿಲ್ಲ

ಎಲೆಕ್ಟ್ರಿಕ್ ಕಾರಿನ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು, ಒಂದು ಚಾರ್ಜಿಗೆ ಎಷ್ಟು ಕಿಲೋಮೀಟರ್ ಓಡುತ್ತೆ ಅಂತ. ಪೆಟ್ರೋಲ್ ಬಿಟ್ಟು ಎಲೆಕ್ಟ್ರಿಕ್ ಆರಿಸಿಕೊಳ್ಳಲು ನನಗಿದ್ದ ಕಾರಣ ಆ ಪ್ರಶ್ನೆಯ ಉತ್ತರದಲ್ಲಿಲ್ಲ. ಊರೊಳಗೆ ಓಡಾಡುವ ಕಾರು ವರ್ಷದ ಬಹುಪಾಲು ದಿನ ಮಾಡುವ ಕೆಲಸ ಒಂದೇ: 25–30 ಕಿಲೋಮೀಟರ್, ಅದೂ ಎರಡು ಮೂರು ಕಂತಿನಲ್ಲಿ, ನಿಂತು ನಿಂತು. ಪೆಟ್ರೋಲ್ ಎಂಜಿನ್ ತೀರಾ ಕೆಟ್ಟದಾಗಿ ಮಾಡುವ ಕೆಲಸವೂ ಇದೇ. ಈ ಒಂದು ಸಂಗತಿ ಮನಸ್ಸಿಗೆ ಇಳಿದ ಮೇಲೆ ಉಳಿದ ಲೆಕ್ಕಗಳೆಲ್ಲ ತಾವಾಗಿಯೇ ಒಂದೊಂದಾಗಿ ಬಿಡಿಸಿಕೊಳ್ಳುತ್ತವೆ.

ಸುಮಾರು 1,500 ಕಿಲೋ ತೂಕದ ಕಾರು ಸಮತಟ್ಟಾದ ರಸ್ತೆಯಲ್ಲಿ 40 ಕಿ.ಮೀ. ವೇಗದಲ್ಲಿ ಒಂದೇ ಸಮ ಓಡುತ್ತಿದ್ದರೆ ಚಕ್ರಕ್ಕೆ ಬೇಕಾಗುವುದು ಎರಡೂವರೆ ಕಿಲೋವ್ಯಾಟ್ ಆಸುಪಾಸು, ಅಷ್ಟೆ. ಮುಂದೆ ಕೂತಿರುವುದು ಮಾತ್ರ 60 ಕಿಲೋವ್ಯಾಟಿನ ಎಂಜಿನ್. ಪೆಟ್ರೋಲ್ ಎಂಜಿನ್ ಚೆನ್ನಾಗಿ ದುಡಿಯುವುದು ಅದರ ಮೇಲೆ ಸಾಕಷ್ಟು ಭಾರ ಬಿದ್ದಾಗ. ಭಾರ ಕಡಿಮೆಯಾದರೆ ಒಳಗೆ ಹೋಗುವ ಗಾಳಿಯನ್ನೂ ಕಡಿಮೆ ಮಾಡಬೇಕು. ಆ ಕೆಲಸ ಮಾಡುವುದು ಥ್ರಾಟಲ್ ಎಂಬ ತಗಡಿನ ಬಾಗಿಲು. ಅದು ಮುಕ್ಕಾಲು ಮುಚ್ಚಿಕೊಂಡಿದ್ದಾಗ ಪಿಸ್ಟನ್ ಕೆಳಗಿಳಿಯುವ ಪ್ರತಿ ಸಲವೂ ಅರೆ ನಿರ್ವಾತವನ್ನು ಜಗ್ಗಿಕೊಂಡೇ ಇಳಿಯಬೇಕು. ಮೂಗು ಅರ್ಧ ಮುಚ್ಚಿಕೊಂಡು ಓಡಿದ ಹಾಗೆ. ಜೊತೆಗೆ ಪಿಸ್ಟನ್ ರಿಂಗು, ಬೇರಿಂಗು, ಆಯಿಲ್ ಪಂಪು, ವಾಲ್ವ್ ಸ್ಪ್ರಿಂಗು ಇವುಗಳ ತಿಕ್ಕಾಟ ಭಾರ ಇದ್ದರೂ ಇಲ್ಲದಿದ್ದರೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಹಾಗಾಗಿ ಹೆದ್ದಾರಿಯಲ್ಲಿ 30–35 ಶೇಕಡಾ ದಕ್ಷತೆ ತೋರುವ ಎಂಜಿನ್ನೇ ಊರೊಳಗೆ 20ರ ಹತ್ತಿರಕ್ಕೆ, ತೆವಳುವ ಟ್ರಾಫಿಕ್ಕಿನಲ್ಲಿ ಅದಕ್ಕೂ ಕೆಳಕ್ಕೆ ಕುಸಿಯುತ್ತದೆ. ಎಂಜಿನ್ ಕೆಟ್ಟಿದೆ ಅಂತಲ್ಲ. ಅದಕ್ಕೆ ಹೇಳಿ ಮಾಡಿಸಿದ್ದಲ್ಲದ ಕೆಲಸ ಅದರ ಪಾಲಿಗೆ ಬಂದಿದೆ.

ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 9 ಯೂನಿಟ್ ಶಕ್ತಿ ಇರುತ್ತದೆ. ಕರೆಂಟ್ ಬಿಲ್ಲಿನಲ್ಲಿ ಎಣಿಸುವ ಅದೇ ಯೂನಿಟ್, ಒಂದು ಕಿಲೋವ್ಯಾಟ್ ಅವರ್. ಲೀಟರಿಗೆ 15 ಕಿ.ಮೀ. ಮೈಲೇಜ್ ಕೊಡುವ ಕಾರು ಕಿಲೋಮೀಟರಿಗೆ 0.6 ಯೂನಿಟ್ ನುಂಗುತ್ತದೆ. ಅದೇ ಗಾತ್ರದ ಎಲೆಕ್ಟ್ರಿಕ್ ಕಾರಿಗೆ 0.15 ಯೂನಿಟ್ ಸಾಕು. ನಾಲ್ಕರಲ್ಲಿ ಒಂದು ಪಾಲು. ಉಳಿದ ಮೂರು ಪಾಲು ರೇಡಿಯೇಟರಿನಿಂದ, ಸೈಲೆನ್ಸರಿನಿಂದ, ಬ್ರೇಕಿನ ಡಿಸ್ಕಿನಿಂದ ಬಿಸಿಯಾಗಿ ಗಾಳಿಗೆ ಹೋದದ್ದು.

ಬ್ರೇಕಿನ ಲೆಕ್ಕವನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು, ಯಾಕೆಂದರೆ ಇದು ಕಣ್ಣಿಗೆ ಕಾಣುವುದೇ ಇಲ್ಲ. 1,500 ಕಿಲೋ ಕಾರು 50ರ ವೇಗದಲ್ಲಿದ್ದಾಗ ಅದರೊಳಗಿನ ಚಲನಶಕ್ತಿ ಸುಮಾರು 145 ಕಿಲೋಜೌಲ್. 25 ಶೇಕಡಾ ದಕ್ಷತೆಯ ಎಂಜಿನ್ ಅಷ್ಟು ವೇಗ ತುಂಬಲು 18 ಮಿಲಿಲೀಟರ್ ಪೆಟ್ರೋಲ್ ಸುಡುತ್ತದೆ. ಮುಂದಿನ ಸಿಗ್ನಲ್ ಕೆಂಪಾಯಿತು, ಗಟ್ಟಿಯಾಗಿ ಬ್ರೇಕ್ ಒತ್ತಿದಿರಿ. ಆ 18 ಮಿಲಿ ಅಲ್ಲಿಗೆ ಮುಗಿಯಿತು. ಐವತ್ತೈದು ಸಲ ಹೀಗೆ ನಿಂತು ಹೊರಟರೆ ಒಂದು ಲೀಟರ್ ಬರೀ ನಿಲ್ಲುವುದಕ್ಕೇ ಖರ್ಚು. ನಿಂತಲ್ಲಿ ಎಂಜಿನ್ ಉರಿಯುತ್ತಿದ್ದರೆ ಗಂಟೆಗೆ ಅರ್ಧದಿಂದ ಒಂದು ಲೀಟರ್ ಬೇರೆ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗುವ ವ್ಯವಸ್ಥೆ ಈಗ ಅನೇಕ ಕಾರುಗಳಲ್ಲಿದೆ, ಆದರೆ ಏಸಿ ಜೋರಾಗಿ ಓಡುತ್ತಿದ್ದರೆ ಅದು ಸಾಮಾನ್ಯವಾಗಿ ಎಂಜಿನ್ ಆರಿಸುವುದಿಲ್ಲ. ಕಂಪ್ರೆಸರ್ ತಿರುಗಿಸಲು ಎಂಜಿನ್ನೇ ಬೇಕು.

ನನ್ನನ್ನು ಇದಕ್ಕಿಂತ ಹೆಚ್ಚು ಕಾಡುವುದು ತಣ್ಣನೆಯ ಎಂಜಿನ್ನಿನ ಮೊದಲ ಐದು ನಿಮಿಷ. ಸಿಲಿಂಡರಿನ ಗೋಡೆ ತಣ್ಣಗಿರುವಾಗ ಸಿಂಪಡಿಸಿದ ಪೆಟ್ರೋಲೆಲ್ಲ ಆವಿಯಾಗುವುದಿಲ್ಲ, ಹಾಗಾಗಿ ಬೇಕಾದದ್ದಕ್ಕಿಂತ ಹೆಚ್ಚು ಪೆಟ್ರೋಲ್ ಒಳಗೆ ಹೋಗುತ್ತದೆ. ಸುಡದೆ ಉಳಿದದ್ದು ಗೋಡೆಯ ಮೇಲಿನ ಎಣ್ಣೆಪದರವನ್ನು ತೊಳೆದುಕೊಂಡು ರಿಂಗುಗಳ ಸಂದಿನಿಂದ ಕೆಳಗಿನ ಆಯಿಲಿಗೆ ಇಳಿದು ಅದನ್ನು ತೆಳ್ಳಗೆ ಮಾಡುತ್ತದೆ. ಪೆಟ್ರೋಲ್ ಉರಿದರೆ ನೀರಾವಿಯೂ ಹುಟ್ಟುತ್ತದೆ. ಎಂಜಿನ್ ಪೂರ್ತಿ ಕಾಯದಿದ್ದರೆ ಅದು ಒಳಗೇ ನೀರಾಗಿ ಕೂರುತ್ತದೆ. ಚಳಿಗಾಲದಲ್ಲಿ ಬರೀ ಎರಡು ಮೂರು ಕಿಲೋಮೀಟರ್ ಓಡಾಡುವ ಕಾರಿನ ಆಯಿಲ್ ಮುಚ್ಚಳ ತಿರುಗಿಸಿ ತೆಗೆದರೆ ಒಳಮೈಗೆ ಕೆನೆಯಂಥ ಬಿಳಿಚು ಲೇಪ ಅಂಟಿರುತ್ತದೆ. ಅದು ಆಯಿಲ್ ಮತ್ತು ನೀರು ಸೇರಿ ಕಡೆದದ್ದು. ಸೈಲೆನ್ಸರ್ ಒಳಗಿನಿಂದ ತುಕ್ಕು ಹಿಡಿಯುವುದೂ ಇದೇ ನೀರಿನಿಂದ. ಹೊಗೆ ಶುದ್ಧಿ ಮಾಡುವ ಕೆಟಲಿಟಿಕ್ ಕನ್ವರ್ಟರ್ ಕೆಲಸ ಶುರುಮಾಡುವುದು 250–300 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ. ಅಲ್ಲಿಯವರೆಗೆ ಹೊಗೆ ಹೆಚ್ಚುಕಡಿಮೆ ಹಾಗೆಯೇ ಹೊರಗೆ ಹೋಗುತ್ತದೆ, ಮನೆಯ ಬಾಗಿಲಲ್ಲೇ. ಶಾಲೆಗೆ ಬಿಟ್ಟು ಬರುವ ಎರಡು ಕಿಲೋಮೀಟರ್ ಎಂಜಿನ್ನಿಗೂ ಗಾಳಿಗೂ ಹೆದ್ದಾರಿಯ 50 ಕಿಲೋಮೀಟರಿಗಿಂತ ಭಾರ ಅಂದರೆ ಅತಿಶಯೋಕ್ತಿ ಅಲ್ಲ.

ಮೋಟರಿಗೆ ಈ ಯಾವ ರಗಳೆಯೂ ಇಲ್ಲ. ನಿಂತಲ್ಲಿ ನಿಂತೇ ಬಿಡುತ್ತದೆ, ಸೊನ್ನೆ ವೇಗದಿಂದಲೇ ಪೂರ್ತಿ ಎಳೆತ ಕೊಡುತ್ತದೆ. ಹಾಗಾಗಿ ಕ್ಲಚ್ ಬೇಡ, ಗೇರುಗಳ ಸಾಲು ಬೇಡ. ಮೋಟರು ಒಂಬತ್ತು ಹತ್ತು ಸುತ್ತು ತಿರುಗಿದರೆ ಚಕ್ರ ಒಂದು ಸುತ್ತು ತಿರುಗುವಂಥ ಒಂದೇ ಗೇರ್ ಸಾಕು. ಏರಿನ ಮೇಲೆ ಹಾಫ್ ಕ್ಲಚ್ಚಿನಲ್ಲಿ ಕಾಲು ನೋಯಿಸಿಕೊಳ್ಳುವುದು ತಪ್ಪುತ್ತದೆ. ಒಂದು ಮಾತು ಇಲ್ಲಿ ಹೇಳಲೇಬೇಕು: 1899ರಲ್ಲಿ ಗಂಟೆಗೆ 100 ಕಿ.ಮೀ. ವೇಗವನ್ನು ಮೊದಲು ದಾಟಿದ ಕಾರು ಎಲೆಕ್ಟ್ರಿಕ್, ಓಡಿಸಿದ್ದು ಬೆಲ್ಜಿಯಂನ ಕಮೀಲ್ ಜೆನಾಟ್ಜಿ. ಕೈಯಿಂದ ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಬೇಕಿದ್ದ ಪೆಟ್ರೋಲ್ ಕಾರು ಮನೆಮನೆಗೆ ಒಪ್ಪಿತವಾಗಲು ದೊಡ್ಡ ಕಾರಣ 1912ರ ಕ್ಯಾಡಿಲಾಕ್ ಕಾರಿಗೆ ಅಮೆರಿಕದ ಎಂಜಿನಿಯರ್ ಚಾರ್ಲ್ಸ್ ಕೆಟರಿಂಗ್ ಅಳವಡಿಸಿದ ಸೆಲ್ಫ್ ಸ್ಟಾರ್ಟರ್. ಅದೂ ಒಂದು ಎಲೆಕ್ಟ್ರಿಕ್ ಮೋಟರೇ.

ಆಕ್ಸಿಲರೇಟರಿನಿಂದ ಕಾಲು ಎತ್ತಿದಾಗ ಮೋಟರು ಡೈನಮೋ ಆಗಿ ಬ್ಯಾಟರಿಗೆ ಕರೆಂಟ್ ವಾಪಸು ಕಳಿಸುತ್ತದೆ. ಇದನ್ನು ರೀಜನ್ ಅನ್ನುತ್ತಾರೆ. ಹೋದದ್ದೆಲ್ಲ ವಾಪಸು ಬರುವುದಿಲ್ಲ. ಮೋಟರು, ಇನ್ವರ್ಟರ್ (ಬ್ಯಾಟರಿಯ ಡಿಸಿ ಕರೆಂಟನ್ನು ಮೋಟರಿಗೆ ಬೇಕಾದ ಎಸಿಗೆ ಬದಲಿಸುವ ಸಾಧನ), ಬ್ಯಾಟರಿ ಒಂದೊಂದೂ ತನ್ನ ಪಾಲು ಹಿಡಿದುಕೊಂಡು ಮತ್ತೆ ಚಕ್ರಕ್ಕೆ ಸಿಗುವುದು ಅರ್ಧಕ್ಕಿಂತ ಸ್ವಲ್ಪ ಹೆಚ್ಚು. ಅದೂ ಸಣ್ಣದೇನಲ್ಲ. 1,500 ಕಿಲೋ ಕಾರು 500 ಮೀಟರ್ ಎತ್ತರದಿಂದ ಇಳಿದರೆ ಅದರಲ್ಲಿ 2 ಯೂನಿಟ್ ಶಕ್ತಿ ಬಿಡುಗಡೆಯಾಗುತ್ತದೆ. ಆದರೆ ಬ್ಯಾಟರಿ ನೂರಕ್ಕೆ ನೂರು ತುಂಬಿದ್ದರೆ ಆ ಕರೆಂಟಿಗೆ ಜಾಗ ಇರುವುದಿಲ್ಲ. ರೀಜನ್ ಕೆಲಸ ಮಾಡುವುದಿಲ್ಲ, ಕಾಲು ಎತ್ತಿದರೂ ಕಾರು ಜಾರುತ್ತಲೇ ಇರುತ್ತದೆ. ಬೆಟ್ಟದ ಮೇಲೆ ಮನೆ ಇರುವವರು ರಾತ್ರಿ 85–90ಕ್ಕೆ ಚಾರ್ಜ್ ನಿಲ್ಲಿಸುವುದು ಒಳ್ಳೆಯದು. ಬ್ಯಾಟರಿ ತೀರಾ ತಣ್ಣಗಿದ್ದಾಗಲೂ ಹೀಗೇ ಆಗುತ್ತದೆ. ಇನ್ನೊಂದು ತೊಂದರೆ, ಬ್ರೇಕ್ ಬಳಕೆ ಕಡಿಮೆಯಾಗಿ ಡಿಸ್ಕಿಗೆ ತುಕ್ಕು ಹತ್ತುವುದು, ಬ್ರೇಕ್ ಪ್ಯಾಡ್ ಹಿಡಿದಿರುವ ಕ್ಯಾಲಿಪರಿನ ಪಿನ್ನು ಬಿಗಿಯಾಗುವುದು. ವಾರಕ್ಕೊಮ್ಮೆ ಹಿಂದೆ ಯಾರೂ ಇಲ್ಲದ ಕಡೆ ರೀಜನ್ ಕಡಿಮೆ ಮಾಡಿಕೊಂಡು ನಾಲ್ಕಾರು ಸಲ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ಡಿಸ್ಕಿನ ಮೈ ಉಜ್ಜಿ ಹೊಳಪಾಗುತ್ತದೆ.

ಇನ್ನು ಮನೆಯ ಚಾರ್ಜಿಂಗ್. 30 ಕಿಲೋಮೀಟರಿಗೆ 5 ಯೂನಿಟ್, ಚಾರ್ಜಿಂಗ್ ನಷ್ಟ ಸೇರಿಸಿ ಐದೂವರೆ. 230 ವೋಲ್ಟಿನ 16 ಆಂಪಿಯರ್ ಸಾಕೆಟ್ಟಿನಿಂದ 3.3 ಕಿಲೋವ್ಯಾಟ್ ಸಿಗುತ್ತದೆ, ಅಂದರೆ ಎರಡು ಗಂಟೆಯೂ ಬೇಡ. ಗೋಡೆಗೆ 7.2 ಕಿಲೋವ್ಯಾಟಿನ ಚಾರ್ಜರ್ ಕೂರಿಸಲೇಬೇಕು ಅಂತ ತಲೆಕೆಡಿಸಿಕೊಳ್ಳುವ ಅಗತ್ಯ ಬಹಳ ಜನರಿಗಿಲ್ಲ. ಇನ್ನು 22 ಕಿಲೋವ್ಯಾಟಿನದು ಹಾಕಿಸಿ, ಮನೆಯ ಎಸಿ ಕರೆಂಟನ್ನು ಬ್ಯಾಟರಿಗೆ ಬೇಕಾದ ಡಿಸಿಗೆ ಬದಲಿಸುವ ಕಾರಿನೊಳಗಿನ ಆನ್‌ಬೋರ್ಡ್ ಚಾರ್ಜರ್ 7.2ರದ್ದಾಗಿದ್ದರೆ ಬೆಟ್ಟ ಅಗೆದು ಇಲಿ ಹಿಡಿದ ಹಾಗಾಯಿತು. ಕಾರು ತೆಗೆದುಕೊಳ್ಳುವುದು 7.2 ಮಾತ್ರ.

ಸಾಕೆಟ್ ಸಾಕು ಅಂದೆ, ಆದರೆ ಎಂಥ ಸಾಕೆಟ್ ಅನ್ನುವುದು ಮುಖ್ಯ. ಮನೆಯ ಬೇರೆ ಯಾವ ಉಪಕರಣವೂ ಗಂಟೆಗಟ್ಟಲೆ ಒಂದೇ ಸಮ ಪೂರ್ತಿ ಕರೆಂಟ್ ಎಳೆಯುವುದಿಲ್ಲ. ಇಸ್ತ್ರಿ ಪೆಟ್ಟಿಗೆ, ಗೀಸರ್ ಎಲ್ಲ ಕಾದ ಮೇಲೆ ಆಫ್ ಆಗುತ್ತವೆ. ಸಾಕೆಟ್ಟಿನೊಳಗಿನ ಒಂದು ಸ್ಕ್ರೂ ಸಡಿಲವಾಗಿ ಅಲ್ಲಿ ಬರೀ 0.1 ಓಮ್ ಪ್ರತಿರೋಧ ಹುಟ್ಟಿತು ಅನ್ನಿ. 16 ಆಂಪಿಯರ್ ಹರಿದರೆ ಆ ಚುಕ್ಕೆಯಷ್ಟು ಜಾಗದಲ್ಲಿ 25 ವ್ಯಾಟ್ ಬಿಸಿ. 25 ವ್ಯಾಟಿನ ಸೋಲ್ಡರಿಂಗ್ ಐರನ್ನನ್ನು ಗೋಡೆಯೊಳಗಿಟ್ಟು ಉರಿಸಿದ ಹಾಗೆ. ಮೊದಲು ಪ್ಲಗ್ಗಿನ ಪಿನ್ ಕಂದುಗಟ್ಟುತ್ತದೆ, ಆಮೇಲೆ ಪ್ಲಾಸ್ಟಿಕ್ ಮೆತ್ತಗಾಗುತ್ತದೆ. ಬಿಸಿಯಾದ ಲೋಹದ ಹಿಡಿತ ಇನ್ನಷ್ಟು ಸಡಿಲಗೊಂಡು ಪ್ರತಿರೋಧ ಮತ್ತೂ ಏರುತ್ತದೆ. ಆದ್ದರಿಂದ ಮೀಟರ್ ಬೋರ್ಡಿನಿಂದ ಬೇರೆಯೇ ಲೈನ್ ಎಳೆಸಿ: 16 ಆಂಪಿಯರಿಗೆ 4 ಚದರ ಮಿ.ಮೀ. ತಾಮ್ರದ ವೈರ್, 32 ಆಂಪಿಯರಿಗೆ 6, ದೂರ ಹೆಚ್ಚಿದ್ದರೆ 10. 32 ಆಂಪಿಯರ್ ಚಾರ್ಜರಿಗೆ 40 ಆಂಪಿಯರಿನ ಎಂಸಿಬಿ. ಜೊತೆಗೆ ಸೋರಿಕೆ ಹಿಡಿಯುವ 30 ಮಿಲಿಆಂಪಿಯರಿನ ಆರ್‌ಸಿಡಿ. ಎಸಿ ಕರೆಂಟಿನ ಸೋರಿಕೆಯನ್ನಷ್ಟೇ ಗುರುತಿಸುವ ಸಾಧಾರಣ ಎಸಿ ಮಾದರಿಯ ಆರ್‌ಸಿಡಿ ಇಲ್ಲಿ ಸಾಲದು. ಕಾರಿನಿಂದ ಡಿಸಿ ಕರೆಂಟ್ ಸೋರಿದರೆ ಅದರ ಒಳಗಿನ ಕೋರ್ ಮಂಕಾಗಿ ನಿಜವಾದ ಸೋರಿಕೆಯನ್ನೂ ಗುರುತಿಸುವುದಿಲ್ಲ. ಡಿಸಿ ಸೋರಿಕೆಯನ್ನೂ ಹಿಡಿಯುವ ಬಿ ಮಾದರಿ ಇರಬೇಕು, ಇಲ್ಲವೇ 6 ಮಿಲಿಆಂಪಿಯರಿನ ಡಿಸಿ ರಕ್ಷಣೆ ಚಾರ್ಜರಿನಲ್ಲೇ ಇದ್ದು ಎ ಮಾದರಿ ಇರಬೇಕು. ಎಕ್ಸ್‌ಟೆನ್ಷನ್ ವೈರಂತೂ ಬೇಡವೇ ಬೇಡ, ಸುರುಳಿ ಸುತ್ತಿದ್ದು ಇನ್ನೂ ಅಪಾಯ. ಲೈನ್ ಹೊಸದಾಗಿ ಹಾಕಿಸಿದ ದಿನ ಒಂದು ಗಂಟೆ ಚಾರ್ಜ್ ಆದ ಮೇಲೆ ಪ್ಲಗ್ಗಿನ ಮೇಲೆ ಕೈಯಿಟ್ಟು ನೋಡಿ. ಬೆಚ್ಚಗಿದ್ದರೆ ಸರಿ, ಕೈಯಿಡಲಾಗದಷ್ಟು ಬಿಸಿ ಇದ್ದರೆ ಅಲ್ಲಿಗೇ ನಿಲ್ಲಿಸಿ ಎಲೆಕ್ಟ್ರಿಷಿಯನ್ನನ್ನು ಕರೆಸಿ.

ಮಳೆಯಲ್ಲಿ ಚಾರ್ಜ್ ಮಾಡಲು ಅಂಜುವವರಿಗೆ ಕಾರಿಗೆ ಚುಚ್ಚುವ ಗನ್ನಿನೊಳಗೆ ನಡೆಯುವುದನ್ನು ಹೇಳಬೇಕು. ಚುಚ್ಚುವ ಮುಂಚೆ ಅದರ ದಪ್ಪ ಪಿನ್ನುಗಳಲ್ಲಿ ಕರೆಂಟೇ ಇರುವುದಿಲ್ಲ. ಪೈಲಟ್ ಎಂಬ ಸಣ್ಣ ಪಿನ್ನಿನಲ್ಲಿ ಮಾತ್ರ 12 ವೋಲ್ಟ್ ಇರುತ್ತದೆ. ಗನ್ ಕೂತಾಗ ಕಾರು ಅದನ್ನು 9 ವೋಲ್ಟಿಗೆ ಇಳಿಸುತ್ತದೆ, ನಾನು ಬಂದಿದ್ದೇನೆ ಎಂಬ ಸೂಚನೆ ಅದು. ಚಾರ್ಜರ್ ಅದೇ ತಂತಿಯಲ್ಲಿ ಸೆಕೆಂಡಿಗೆ 1,000 ಮಿಡಿತ ಕಳಿಸಿ, ಮಿಡಿತದ ಅಗಲದಿಂದ ತಾನು ಎಷ್ಟು ಆಂಪಿಯರ್ ಕೊಡಬಲ್ಲೆ ಅನ್ನುತ್ತದೆ; 50 ಶೇಕಡಾ ಅಗಲ ಅಂದರೆ 30 ಆಂಪಿಯರ್. ಕಾರು ಸಿದ್ಧವಾದಾಗ ವೋಲ್ಟೇಜನ್ನು 6ಕ್ಕೆ ಇಳಿಸುತ್ತದೆ. ಆಗ ಟಕ್ ಅಂತ ಕಾಂಟಾಕ್ಟರ್ ಎಂಬ ದೊಡ್ಡ ಸ್ವಿಚ್ ಕೂತು ದೊಡ್ಡ ಪಿನ್ನುಗಳಿಗೆ ಕರೆಂಟ್ ಬರುತ್ತದೆ. ಪೈಲಟ್ ಪಿನ್ ಬೇರೆಯವಕ್ಕಿಂತ ಗಿಡ್ಡ. ಗನ್ ಎಳೆದರೆ ಮೊದಲು ಕಳಚುವುದು ಅದೇ, ಉಳಿದವು ಕಳಚುವಷ್ಟರಲ್ಲಿ ಕರೆಂಟ್ ಹೋಗಿರುತ್ತದೆ.

ಕಾರಿನೊಳಗಿನ ಚಾರ್ಜರನ್ನು ಬಿಟ್ಟು ನೇರವಾಗಿ ಬ್ಯಾಟರಿಗೇ ಡಿಸಿ ಕರೆಂಟ್ ತುಂಬುವ ಡಿಸಿ ಫಾಸ್ಟ್ ಚಾರ್ಜಿಂಗ್ ಪ್ರಯಾಣಕ್ಕೆ ಬೇಕು, ದಿನಬಳಕೆಗೆ ಬೇಡ. ಕಾರು ಕೊಳ್ಳುವಾಗ ಗರಿಷ್ಠ ಎಷ್ಟು ಕಿಲೋವ್ಯಾಟ್ ಎಂಬುದಕ್ಕಿಂತ 10 ಶೇಕಡಾದಿಂದ 80 ಶೇಕಡಾ ತುಂಬಲು ಎಷ್ಟು ನಿಮಿಷ ಅಂತ ಕೇಳಿ. 80 ದಾಟಿದ ಮೇಲೆ ಕಾರೇ ಕರೆಂಟನ್ನು ಕಡಿಮೆ ಮಾಡುತ್ತದೆ, ಯಾಕೆಂದರೆ ತುಂಬುತ್ತಾ ಬಂದ ಸೆಲ್ಲಿಗೆ ಜೋರಾಗಿ ನೂಕಿದರೆ ಲಿಥಿಯಂ ಸೆಲ್ಲಿನ ಗ್ರಾಫೈಟ್ ಪದರದೊಳಗೆ ಸೇರದೆ ಮೇಲೆಯೇ ಲೋಹವಾಗಿ ಅಂಟುತ್ತದೆ. ಕೊನೆಯ 20ಕ್ಕೆ ಮೊದಲ 70ಕ್ಕೆ ಹಿಡಿದಷ್ಟೇ ಹೊತ್ತು ಹಿಡಿಯುವುದೂ ಉಂಟು. ದಾರಿಯಲ್ಲಿ 80ಕ್ಕೆ ಬಿಡಿಸಿಕೊಂಡು ಹೊರಡುವುದೇ ಲೇಸು.

ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಈ ಆತಂಕ ನ್ಯಾಯವಾದದ್ದೇ. 40 ಯೂನಿಟ್ ಬ್ಯಾಟರಿ ಒಂದು ಪೂರ್ತಿ ಸುತ್ತಿಗೆ, ಅಂದರೆ ಒಮ್ಮೆ ತುಂಬಿ ಖಾಲಿಯಾಗುವುದಕ್ಕೆ, 250 ಕಿ.ಮೀ. ಕೊಟ್ಟರೆ 1,000 ಸುತ್ತಿಗೆ ಎರಡೂವರೆ ಲಕ್ಷ ಕಿಲೋಮೀಟರ್. ದಿನಕ್ಕೆ 30ರಂತೆ ಅದು 22 ವರ್ಷದ ಓಟ. ಕಡಿಮೆ ಓಡುವವರ ಬ್ಯಾಟರಿಯನ್ನು ಸವೆಸುವುದು ಓಟಕ್ಕಿಂತ ವಯಸ್ಸು, ಅದಕ್ಕಿಂತ ಹೆಚ್ಚಾಗಿ ಬಿಸಿಲು. ಪೂರ್ತಿ ತುಂಬಿದ ಬ್ಯಾಟರಿಯನ್ನು ಸುಡುಬಿಸಿಲಿನಲ್ಲಿ ದಿನಗಟ್ಟಲೆ ನಿಲ್ಲಿಸುವುದು ಅದಕ್ಕೆ ಮಾಡುವ ದೊಡ್ಡ ಅನ್ಯಾಯ. ನಿಕ್ಕಲ್ ಇರುವ ಎನ್‌ಎಂಸಿ ಬ್ಯಾಟರಿಯಾದರೆ ದಿನಬಳಕೆಗೆ 80ಕ್ಕೆ ನಿಲ್ಲಿಸಿ, ಊರಿಗೆ ಹೊರಡುವ ಹಿಂದಿನ ರಾತ್ರಿ ಮಾತ್ರ ಪೂರ್ತಿ ತುಂಬಿ. ನಿಕ್ಕಲ್ ಬದಲು ಕಬ್ಬಿಣ ಇರುವ ಎಲ್‌ಎಫ್‌ಪಿ ಬ್ಯಾಟರಿಯ ಆಯಸ್ಸು ಹೆಚ್ಚು, ತೂಕವೂ ಹೆಚ್ಚು. ಅದರ ವೋಲ್ಟೇಜ್ ಬಹುದೂರ ಒಂದೇ ಮಟ್ಟದಲ್ಲಿರುವುದರಿಂದ ಒಳಗಿನ ಕಂಪ್ಯೂಟರಿಗೆ ಎಷ್ಟು ಉಳಿದಿದೆ ಎಂಬ ಅಂದಾಜು ತಪ್ಪುತ್ತದೆ. 30 ತೋರಿಸುತ್ತಿದ್ದದ್ದು ಇದ್ದಕ್ಕಿದ್ದಂತೆ 15ಕ್ಕೆ ಇಳಿಯುವುದು ಹೀಗೆ. ತಯಾರಕರು ಹೇಳಿದಂತೆ ಆಗಾಗ, ಸಾಮಾನ್ಯವಾಗಿ ವಾರಕ್ಕೊಮ್ಮೆ, 100ರವರೆಗೆ ತುಂಬಿಸಿದರೆ ಲೆಕ್ಕ ಸರಿಹೋಗುತ್ತದೆ. ಮೊದಲ ವರ್ಷ ಸಾಮರ್ಥ್ಯ ತುಸು ಬೇಗ ಇಳಿದು ಆಮೇಲೆ ನಿಧಾನವಾಗುವುದು ಸಹಜ. ವಾರಂಟಿ ಸಾಮಾನ್ಯವಾಗಿ 8 ವರ್ಷ ಅಥವಾ 1,60,000 ಕಿ.ಮೀ., 70 ಶೇಕಡಾ ಸಾಮರ್ಥ್ಯಕ್ಕೆ.

ಪೆಟ್ರೋಲ್ ಕಾರಿನ ಹಾಗೆ ಇದರಲ್ಲೂ ಒಂದು 12 ವೋಲ್ಟ್ ಬ್ಯಾಟರಿ ಇದೆ ಎಂಬುದನ್ನು ಅನೇಕರು ಮರೆಯುತ್ತಾರೆ. ದೊಡ್ಡ ಬ್ಯಾಟರಿಯನ್ನು ಮೋಟರಿಗೆ ಜೋಡಿಸುವ ಕಾಂಟಾಕ್ಟರ್ ಮುಚ್ಚಿಕೊಳ್ಳಬೇಕಾದರೆ ಈ ಚಿಕ್ಕದರ ಕರೆಂಟ್ ಬೇಕು. ಇದು ಸತ್ತರೆ ದೊಡ್ಡದು ತುಂಬಿದ್ದರೂ ಕಾರು ಕದಲುವುದಿಲ್ಲ, ಕೆಲವು ಕಾರುಗಳ ಬಾಗಿಲೂ ತೆರೆಯುವುದಿಲ್ಲ. ಕೀಲಿಯೊಳಗೆ ಅಡಗಿರುವ ಲೋಹದ ಕೀ ಎಲ್ಲಿ ಹಾಕುವುದು ಎಂಬುದನ್ನು ಕಾರು ಮನೆಗೆ ಬಂದ ದಿನವೇ ನೋಡಿಟ್ಟುಕೊಳ್ಳಿ. ಕೆಟ್ಟು ನಿಂತರೆ ಹಗ್ಗ ಕಟ್ಟಿ ಎಳೆಸಬೇಡಿ. ಚಕ್ರ ತಿರುಗಿದರೆ ಮೋಟರೂ ತಿರುಗಿ ವೋಲ್ಟೇಜ್ ಹುಟ್ಟಿಸುತ್ತದೆ, ಇನ್ವರ್ಟರ್ ಹಾಳಾಗಬಹುದು. ನಾಲ್ಕೂ ಚಕ್ರ ಎತ್ತಿಕೊಂಡು ಹೋಗುವ ಗಾಡಿಯೇ ಬರಬೇಕು.

ಎಂಜಿನ್ ಆಯಿಲ್, ಸ್ಪಾರ್ಕ್ ಪ್ಲಗ್, ಟೈಮಿಂಗ್ ಬೆಲ್ಟ್, ಕ್ಲಚ್ ಪ್ಲೇಟ್ ಇವುಗಳ ಖರ್ಚು ಇಲ್ಲ. ಉಳಿಯುವುದು ಬ್ರೇಕ್ ಆಯಿಲ್ (ಗಾಳಿಯ ತೇವ ಹೀರುವುದರಿಂದ ಸುಮಾರು ಎರಡು ವರ್ಷಕ್ಕೊಮ್ಮೆ), ಏಸಿ ಫಿಲ್ಟರ್, ಕೂಲಂಟ್, ಟೈರು. ಟೈರು ಮಾತ್ರ ಪೆಟ್ರೋಲ್ ಕಾರಿಗಿಂತ ಬೇಗ ಸವೆಯುತ್ತದೆ, ತೂಕ ಹೆಚ್ಚು ಮತ್ತು ಪಿಕಪ್ ಜೋರು.

ಎಲೆಕ್ಟ್ರಿಕ್ ಕಾರು ಸೋಲುವ ಜಾಗಗಳನ್ನೂ ಹೇಳದಿದ್ದರೆ ಮಾತು ಅರ್ಧವಾಗುತ್ತದೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ, ವೇಗ ಎರಡರಷ್ಟಾದರೆ ತಡೆ ನಾಲ್ಕರಷ್ಟು. 40 ಯೂನಿಟ್ ಬ್ಯಾಟರಿ 80ರ ವೇಗದಲ್ಲಿ 320 ಕಿ.ಮೀ. ಹೋದರೆ 120ರಲ್ಲಿ 200ರ ಆಸುಪಾಸಿಗೆ ಬಂದು ನಿಲ್ಲುತ್ತದೆ. ಕೊರೆವ ಚಳಿಯಲ್ಲಿ ಹೀಟರಿಗೆ 3 ಕಿಲೋವ್ಯಾಟ್ ಬೇಕಾದರೆ, 20ರ ವೇಗದ ಟ್ರಾಫಿಕ್ಕಿನಲ್ಲಿ ಅದೊಂದೇ ಕಿಲೋಮೀಟರಿಗೆ 0.15 ಯೂನಿಟ್. ಖರ್ಚು ಎರಡರಷ್ಟಾಯಿತು. ಪೆಟ್ರೋಲ್ ಎಂಜಿನ್ ಚೆಲ್ಲುವ ಬಿಸಿ ಅಲ್ಲಿ ಪುಕ್ಕಟೆ ಉಪಯೋಗಕ್ಕೆ ಬರುತ್ತದೆ. ಹೊರಗಿನ ಗಾಳಿಯ ಬಿಸಿಯನ್ನೇ ಒಳಕ್ಕೆ ಎಳೆದು ತರುವ ಹೀಟ್ ಪಂಪ್ ಇರುವ ಕಾರು, ಪ್ಲಗ್ಗಿನಲ್ಲಿದ್ದಾಗಲೇ ಒಳಗೆ ಬೆಚ್ಚಗೆ ಮಾಡಿಕೊಂಡು ಹೊರಡುವ ಅಭ್ಯಾಸ, ಇವೆರಡೂ ಆ ಹೊರೆಯನ್ನು ಬಹಳ ಇಳಿಸುತ್ತವೆ.

ಹೊಗೆಯ ಲೆಕ್ಕವೂ ನೇರವಾಗಿರಲಿ. 40 ಯೂನಿಟ್ ಬ್ಯಾಟರಿ ತಯಾರಿಸುವಾಗಲೇ 3 ಟನ್ನಿನಷ್ಟು ಇಂಗಾಲದ ಡೈಆಕ್ಸೈಡ್ ಹೊರಗೆ ಹೋಗಿರುತ್ತದೆ. ಲೀಟರ್ ಪೆಟ್ರೋಲ್ ಉರಿದರೆ 2.3 ಕಿಲೋ; ತೆಗೆದು, ಶುದ್ಧಿ ಮಾಡಿ, ಸಾಗಿಸಿದ್ದನ್ನೂ ಸೇರಿಸಿದರೆ ಕಿಲೋಮೀಟರಿಗೆ ಸುಮಾರು 185 ಗ್ರಾಂ. ಕಲ್ಲಿದ್ದಲಿನ ಕರೆಂಟೇ ಹೆಚ್ಚಿರುವ ಕಡೆ, ಯೂನಿಟ್ಟಿಗೆ 0.7 ಕಿಲೋ ಅಂದುಕೊಂಡರೆ, ಎಲೆಕ್ಟ್ರಿಕ್ ಕಾರಿನದು 120 ಗ್ರಾಂ. ಬ್ಯಾಟರಿಯ ಸಾಲ ತೀರಲು 45,000 ಕಿಲೋಮೀಟರ್, ದಿನಕ್ಕೆ 30ರಂತೆ ನಾಲ್ಕು ವರ್ಷ. ಯೂನಿಟ್ಟಿಗೆ 0.3 ಕಿಲೋ ಇರುವ ಕಡೆ ಎರಡೇ ವರ್ಷ. ಬೇಕಿಲ್ಲದ 80 ಯೂನಿಟ್ ಬ್ಯಾಟರಿ ಕೊಂಡರೆ ಈ ಸಾಲವೂ ಎರಡರಷ್ಟು, ಅದರ ಭಾರವನ್ನು ದಿನಾ ಹೊತ್ತು ತಿರುಗುವುದು ಬೇರೆ.

ಮನೆಯಲ್ಲೋ ಕೆಲಸದ ಜಾಗದಲ್ಲೋ ನಿಲ್ಲಿಸಿದಲ್ಲೇ ಚಾರ್ಜ್ ಮಾಡುವ ಅನುಕೂಲ ಇಲ್ಲದವರಿಗೆ ನಾನು ಎಲೆಕ್ಟ್ರಿಕ್ ಕಾರು ತೆಗೆದುಕೊಳ್ಳಿ ಅನ್ನುವುದಿಲ್ಲ. ವಾರಕ್ಕೆರಡು ಸಲ ಫಾಸ್ಟ್ ಚಾರ್ಜರ್ ಮುಂದೆ ಮುಕ್ಕಾಲು ಗಂಟೆ ಕಾಯುವ ಬದುಕು ಬೇಗ ಬೇಸರ ತರಿಸುತ್ತದೆ. ಅವರಿಗೆ ಎಂಜಿನ್ನೂ ಮೋಟರೂ ಎರಡೂ ಇರುವ ಒಳ್ಳೆಯ ಹೈಬ್ರಿಡ್ ಸಾಕು. ಅನುಕೂಲ ಇರುವವರು ಮಾತ್ರ ಷೋರೂಮಿಗೆ ಹೋಗುವ ಮುಂಚೆ ಒಂದು ತಿಂಗಳು ಈಗಿನ ಗಾಡಿಯ ಮೀಟರ್ ರೀಡಿಂಗನ್ನು ಪ್ರತಿ ರಾತ್ರಿ ಬರೆದಿಡಿ. ವರ್ಷದ ದೂರದ ಪ್ರಯಾಣಗಳನ್ನು ನೆನಪಿನಿಂದ ಪಕ್ಕಕ್ಕೆ ಬರೆದುಕೊಳ್ಳಿ, ಅವಕ್ಕೆ ದಾರಿಯ ಫಾಸ್ಟ್ ಚಾರ್ಜರ್ ಇದೆ, ಮುಂದಿನ ಲೆಕ್ಕಕ್ಕೆ ಸೇರಿಸಬೇಡಿ. ತಿಂಗಳಿನ ಅತಿ ದೊಡ್ಡ ದಿನದ ಓಟವನ್ನು 0.16ರಿಂದ ಗುಣಿಸಿ, ಬಂದ ಯೂನಿಟ್ಟಿಗೆ ಚಳಿ, ವೇಗ, ಬ್ಯಾಟರಿಯ ವಯಸ್ಸಿಗೆಂದು ಅರ್ಧದಷ್ಟು ಮತ್ತೆ ಸೇರಿಸಿ. ದೊಡ್ಡ ದಿನ 120 ಕಿ.ಮೀ. ಆಗಿದ್ದರೆ 19ಕ್ಕೆ ಹತ್ತು ಸೇರಿ 29 ಯೂನಿಟ್. ಅಂಥವರಿಗೆ 30 ಯೂನಿಟ್ಟಿನ ಬ್ಯಾಟರಿ ಧಾರಾಳ.